ಜಡೆಯ ಎಣ್ಣೆಗೆ ಯಾವ ಇಂಗ್ಲಿಷ್ ಪದ

ಮಕ್ಕಳೇ, ಇದು ನಿಮ್ಮೆಲ್ಲರಿಗಿಂತ ದೊಡ್ಡವಳು ಎಂಟನೇ ಕ್ಲಾಸಿನಲ್ಲಿದ್ದಾಗ ನಡೆದದ್ದು. ಉಳಿದವರು ಆಗ ತೀರಾ ಚಿಕ್ಕವರು, ನಿಮಗೆ ನೆನಪಿರಲಾರದು. ಬರೆಯುವ ಮುಂಚೆ ಅವಳನ್ನೇ ಕೇಳಿದೆ. "ಬರಿ ಅಜ್ಜಿ. ನಾನು ಅತ್ತಿದ್ದು ಮಾತ್ರ ಒಂದೇ ಸಾಲು ಬರಿ" ಅಂದಳು. ಆಗಲಿ ಅಂದಿದ್ದೇನೆ.

ನನಗೆ ಬರೆಯುವ ಅಭ್ಯಾಸ ಕಡಿಮೆ. ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ಇಂಗ್ಲಿಷ್ ಅಂದರೆ ಎ ಬಿ ಸಿ ಡಿ, ಅದು ಬಿಟ್ಟರೆ ಬಸ್ಸಿನ ಬೋರ್ಡು. ನಾಲ್ಕು ಜನರೆದುರು ಮಾತಾಡಬೇಕಾದರೆ ಈಗಲೂ ನಾಲಿಗೆ ಒಣಗುತ್ತದೆ. ನಿಮ್ಮ ತಾತ ಇದ್ದಷ್ಟು ದಿನ ಹೊರಗಿನ ಮಾತೆಲ್ಲ ಅವರದೇ. ಅವರು ಹೋದ ಮೇಲೆ ಆ ಮಾತು ನನ್ನ ಮಗನ ಪಾಲಿಗೆ ಹೋಯಿತು, ನನಗೇನೂ ಕಷ್ಟವಾಗಲಿಲ್ಲ.

ಬೆಳಗಿನ ಒಂದು ಕೆಲಸ ಮಾತ್ರ ಪೂರ್ತಿ ನನ್ನದಾಗಿತ್ತು: ದೊಡ್ಡವಳ ಜಡೆ. ಅವಳ ಶಾಲೆ ತಿಪಟೂರಿನಲ್ಲಿ. ವ್ಯಾನು ಊರ ಗೇಟಿಗೆ ಬರುವ ಹೊತ್ತಿಗೆ ಎರಡು ಜಡೆ ಹೆಣೆದು ಎರಡು ರಿಬ್ಬನ್ನು ಕಟ್ಟಿ ಆಗಿರಬೇಕು. ಸೊಸೆ ಒಲೆಯ ಮುಂದೆ. ಜಗಲಿಯ ಮೆಟ್ಟಿಲ ಮೇಲೆ ನಾನು, ಒಂದು ಮೆಟ್ಟಿಲು ಕೆಳಗೆ ಅವಳು, ಪಕ್ಕದಲ್ಲಿ ಬಟ್ಟಲು ತುಂಬ ನಮ್ಮ ಮನೆಯ ಕೊಬ್ಬರಿ ಎಣ್ಣೆ. ಸೊಂಟಕ್ಕೆ ಇಳಿಯುವ ಕೂದಲು. ಎಣ್ಣೆ ಹಚ್ಚುವಾಗ ಅವಳು ಒಂದೇ ಸಮನೆ ಮಾತಾಡುತ್ತಿದ್ದಳು. ಕೇಳುವವರ ಮುಖ ಕಾಣದಿದ್ದರೆ ಮಾತು ಸಲೀಸು, ನನಗೂ ಹಾಗೆಯೇ.

ಆ ಮಾತಿನಲ್ಲಿ ಮುಕ್ಕಾಲು ಪಾಲು ಅವಳ ಪಕ್ಕ ಕೂರುವ ಹುಡುಗಿಯದು. ಆ ಹುಡುಗಿಯ ಅಪ್ಪನಿಗೆ ತಿಪಟೂರಿನಲ್ಲಿ ಪುಸ್ತಕ, ಪೆನ್ನು ಮಾರುವ ಅಂಗಡಿ. ಐದನೇ ಕ್ಲಾಸಿನಿಂದಲೂ ಇಬ್ಬರಿಗೂ ಒಂದೇ ಬೆಂಚು. ಅವಳು ಹೀಗಂದಳು, ಹಾಗಂದಳು, ಅವಳ ಡಬ್ಬಿಯಲ್ಲಿ ಇವತ್ತು ಏನಿತ್ತು, ಇದೇ ಪುರಾಣ. ಬೇರೆ ಗೆಳತಿ ಅಂತ ನಮ್ಮವಳಿಗೆ ಯಾರೂ ಇರಲಿಲ್ಲ. ನನ್ನ ಹಾಗೆಯೇ ಸಂಕೋಚದವಳು. ಒಬ್ಬರು ಸಿಕ್ಕರೆ ಅವರನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುವವಳು.

ಒಂದು ಭಾನುವಾರ ತಲೆಗೆ ಎಣ್ಣೆ ಒತ್ತಿಸಿಕೊಳ್ಳುತ್ತಾ ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಇಂಗ್ಲಿಷ್ ಮಿಸ್ಸು ಆರು ಪದ ಕೊಟ್ಟಿದ್ದರಂತೆ. ಆರಕ್ಕೂ ಅರ್ಥ ವಾಸನೆ ಅಂತಲೇ. ಪ್ರತಿಯೊಂದಕ್ಕೂ ಅವರವರ ಮನೆಯ ವಸ್ತುವನ್ನೇ ಹಾಕಿ ವಾಕ್ಯ ಮಾಡಿಕೊಂಡು ಬಂದು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಬೇಕು.

"ಸ್ಮೆಲ್, ಸೆಂಟ್, ಫ್ರೇಗ್ರೆನ್ಸ್, ಅರೋಮಾ, ಓಡರ್, ಸ್ಟಿಂಕ್" ಅಂತ ಒಂದೇ ಉಸಿರಿಗೆ ಹೇಳಿದಳು.

"ಎಲ್ಲಾ ವಾಸ್ನೇನೇ ಅಂದ್ಮೇಲೆ ಆರ್ಯಾಕೇ? ಒಂದು ಸಾಲ್ದಾ ಅವ್ರಿಗೆ?"

"ನಿಂಗೆ ಒಂದು ಸಾಕಾ ಅಜ್ಜಿ? ಮೊನ್ನೆ ಹಾಲು ತಳ ಹತ್ತಿದಾಗ ಏನಂದೆ?"

"ಸೀದ ವಾಸ್ನೆ ಅಂದೆ."

"ಮಳೆಗಾಲದಲ್ಲಿ ಕಂಬಳಿ?"

"ಮುಗ್ಗಲು."

"ಚರಂಡಿ?"

"ಗಬ್ಬು."

"ನೋಡ್ದಾ? ನೀನೇ ಮೂಟೆ ಕಟ್ಟಿ ಇಟ್ಕೊಂಡಿದೀಯ. ಅವರು ಆರು ಇಟ್ಕೊಂಡ್ರೆ ತಪ್ಪಾ?"

ಸೋತೆ. ಹಾಗಾದರೆ ಒಂದಕ್ಕೂ ಇನ್ನೊಂದಕ್ಕೂ ಏನು ವ್ಯತ್ಯಾಸ, ಬಿಡಿಸಿ ಹೇಳು ಅಂದೆ. ಅವಳಿಗೂ ಅದೇ ಬೇಕಿತ್ತು, ಹೇಳುತ್ತಾ ಹೇಳುತ್ತಾ ಪಾಠ ತಲೆಗೆ ಹೋಗುತ್ತದಲ್ಲ.

ಅವುಗಳಲ್ಲಿ ಸೆಂಟೊಂದೇ ನನಗೆ ಗೊತ್ತಿದ್ದದ್ದು. ಮದುವೆ ಮನೆಗೆ ಹುಡುಗರು ಅಂಗಿಗೆ ಹೊಡೆದುಕೊಂಡು ಬರುತ್ತಾರಲ್ಲ, ಶೀಸೆಯಲ್ಲಿ ಇರುವುದು. ಅಷ್ಟೇ ಅಲ್ಲ ಅಂದಳು. ಸೆಂಟ್ ಅಂದರೆ ತೆಳುವಾದ ವಾಸನೆ, ಬಂದವರು ಎದ್ದು ಹೋದ ಮೇಲೂ ಸ್ವಲ್ಪ ಉಳಿದಿರುವಂಥದ್ದು. ನಾಯಿ ನೆಲ ಮೂಸುತ್ತಾ ಹೋಗುವುದು ಅದರ ಜಾಡಿನಲ್ಲೇ. ಫ್ರೇಗ್ರೆನ್ಸ್ ಅಂದರೆ ಹೂವು, ಊದಿನಕಡ್ಡಿ, ಸೋಪು. ಅರೋಮಾ ಬಾಯಿಗೆ ಸೇರಿದ್ದು: ಕಾಫಿ, ಒಗ್ಗರಣೆ, ಏಲಕ್ಕಿ. ಸ್ಟಿಂಕಿಗೆ ವಿವರಣೆಯೇ ಬೇಕಿಲ್ಲ, ಕೈ ತಾನಾಗಿ ಮೂಗಿಗೆ ಹೋಗುತ್ತದೆ. ಓಡರ್ ಹತ್ತಿರ ಬಂದಾಗ ಅವಳೂ ತಡವರಿಸಿದಳು. ಬೈಗುಳವಲ್ಲ, ಹೊಗಳಿಕೆಯಂತೂ ಅಲ್ಲವೇ ಅಲ್ಲ. ಡಾಕ್ಟರು ಕೈಗವಸು ಹಾಕಿಕೊಂಡು ಮುಟ್ಟಿದ ಹಾಗೆ, ದೂರ ನಿಂತು ಹೇಳುವ ಪದ. ಇನ್ನು ಸ್ಮೆಲ್ ಎಲ್ಲಕ್ಕೂ ಆಗುತ್ತದೆ, ಆದರೆ ಬರೀ ಸ್ಮೆಲ್ ಬರುತ್ತಿದೆ ಅಂತ ಹೇಳಿ ಸುಮ್ಮನಾದರೆ ಕೆಟ್ಟದ್ದು ಅಂತಲೇ ತಿಳಿಯಬೇಕು.

"ಅದು ನಮ್ಮಲ್ಲೂ ಹಂಗೇ ಕಣೇ. ಏನೋ ವಾಸ್ನೆ ಅಂದ್ರೆ ಯಾರಾದ್ರೂ ಮಲ್ಲಿಗೆ ಹುಡುಕ್ಕಂಡು ಹೋಗ್ತಾರಾ? ಎಲ್ಲಿ ಇಲಿ ಸತ್ತೈತೋ ಅಂತ ಮಂಚದ ಕೆಳಗೆ ಬಗ್ತಾರೆ" ಅಂದೆ. ಅವಳು ನಕ್ಕು ನಕ್ಕು ತಲೆ ಅಲ್ಲಾಡಿಸಿ, ಬೈತಲೆ ಸೊಟ್ಟಗಾಯಿತು.

ಆಮೇಲೆ ಇಬ್ಬರೂ ಕೂತಲ್ಲೇ ಮನೆಯನ್ನೆಲ್ಲ ಆರು ಪದಕ್ಕೆ ಹಂಚಿದೆವು. ಕರಿಬೇವಿನ ಒಗ್ಗರಣೆ ಅರೋಮಾ. ಹಿತ್ತಲ ಸಂಪಿಗೆ ಫ್ರೇಗ್ರೆನ್ಸ್. ನೆನೆಹಾಕಿದ ತೆಂಗಿನ ನಾರು ಸ್ಟಿಂಕ್, ಅದರಲ್ಲಿ ಎರಡು ಮಾತಿಲ್ಲ. ಕೊಟ್ಟಿಗೆಗೆ ಅವಳು ಸ್ಟಿಂಕ್ ಅಂದಳು, ನಾನು ಒಪ್ಪಲಿಲ್ಲ, ಹಸು ಕೇಳಿಸಿಕೊಂಡರೆ ಬೇಜಾರು ಮಾಡಿಕೊಳ್ಳುತ್ತದೆ ಅಂದೆ. ಕೊನೆಗೆ ಓಡರ್ ಅಂತ ರಾಜಿಯಾಯಿತು. ಅಟ್ಟದ ಮೇಲಿನ ವಾಸನೆಗೆ ಮಾತ್ರ ಯಾವುದೂ ಹೊಂದಲಿಲ್ಲ. ಕಾಯಿಯನ್ನು ಅಟ್ಟಕ್ಕೆ ಹಾಕಿ ವರ್ಷ ಹತ್ತಿರ ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ ಕೊಬ್ಬರಿಯಾಗುತ್ತದೆ. ಅಲ್ಲಿ ಹೊಗೆ, ಸಿಪ್ಪೆ, ಧೂಳು, ಎಣ್ಣೆಯ ಅಂಶ ಎಲ್ಲ ಬೆರೆತು ಒಂದು ವಾಸನೆ ಇರುತ್ತದೆ. ಅದನ್ನು ಬಿಟ್ಟುಬಿಡು ಅಂದೆ.

ಫ್ರೇಗ್ರೆನ್ಸಿಗೆ ಸಂಪಿಗೆ ಹೂವಿನ ಬದಲು ಬೇರೆಯದನ್ನೇ ಬರೆದಳು. ಏನು ಅಂತ ಕೇಳಿದರೆ ಇಂಗ್ಲಿಷಿನಲ್ಲಿ ಓದಿ, ಆಮೇಲೆ ಕನ್ನಡದಲ್ಲಿ ಹೇಳಿದಳು: ನಮ್ಮ ಅಜ್ಜಿ ತಲೆಗೆ ಹಚ್ಚುವ ಎಣ್ಣೆಗೆ ಸಿಹಿಯಾದ ಪರಿಮಳವಿದೆ. ಇನ್ನೊಂದು ಸಲ ಓದು ಅಂದೆ. ಓದಿದಳು.

ಮಾರನೆಯ ದಿನ ಸಂಜೆ ವ್ಯಾನಿಳಿದು ಬಂದವಳು ಕಾಫಿಗೂ ನಿಲ್ಲಲಿಲ್ಲ. ಸೀದಾ ಬಚ್ಚಲಿಗೆ ಹೋಗಿ ತಲೆಗೆ ಶಾಂಪೂ ಹಾಕಿಕೊಂಡಳು. ಥಂಡಿಯ ದಿನ, ಹೊತ್ತು ಮುಳುಗುತ್ತಿತ್ತು. ಒದ್ದೆ ಕೂದಲಲ್ಲೇ ಮತ್ತೆ ಒಳಗೆ ಹೋಗಿ ಇನ್ನೊಮ್ಮೆ ತೊಳೆದಳು. ಬೆಳಿಗ್ಗೆ ನಾನು ಬಟ್ಟಲು ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಿದ್ದರೆ, ಕನ್ನಡಿ ಮುಂದೆ ನಿಂತು ತಾನೇ ಒಂದೇ ಜಡೆ ಹಾಕಿಕೊಂಡು ಬಂದು ಚಪ್ಪಲಿ ಮೆಟ್ಟಿದಳು.

"ಎಣ್ಣೆ ಬೇಡ್ವಾ ಮಗ?"

"ಬೇಡ."

ಹೀಗೇ ಮೂರು ನಾಲ್ಕು ದಿನ ಕಳೆಯಿತು. ಕೊನೆಗೆ ಅವಳಮ್ಮನಿಗೆ ಹೇಳಿದಳು, ನಾನು ಬಾಗಿಲಲ್ಲೇ ಇದ್ದೆ. ಕ್ಲಾಸಿನಲ್ಲಿ ಆ ವಾಕ್ಯ ಓದಿದಾಗ ಹಿಂದಿನ ಬೆಂಚಿನಿಂದ ಒಬ್ಬಳು "ಮಿಸ್, ಅದು ಫ್ರೇಗ್ರೆನ್ಸ್ ಅಲ್ಲ, ಓಡರ್" ಅಂದಳಂತೆ. ಕ್ಲಾಸೇ ನಕ್ಕಿತಂತೆ. ಮಿಸ್ಸು ಎಲ್ಲರನ್ನೂ ಗದರಿ ಕೂರಿಸಿದರು. ಇವಳು ಕೂತು, ಪಕ್ಕದ ಗೆಳತಿಯನ್ನು ಮೆಲ್ಲಗೆ ಕೇಳಿದಳು, ನಿಜವಾ ಅಂತ. ಆ ಹುಡುಗಿ ಪುಸ್ತಕ ನೋಡುತ್ತಾ "ಸ್ವಲ್ಪ" ಅಂದಳು.

ನಕ್ಕವರದ್ದು ಇವಳಿಗೆ ಏನೂ ಅನ್ನಿಸಲಿಲ್ಲ. ಆ ಸ್ವಲ್ಪ ಅನ್ನುವುದೇ ತಡೆಯಲಾಗಲಿಲ್ಲ. ಮಧ್ಯಾಹ್ನದ ಮೇಲೆ ಬ್ಯಾಗು ತೆಗೆದುಕೊಂಡು ಹೋಗಿ ಗೋಡೆ ಪಕ್ಕದ ಖಾಲಿ ಬೆಂಚಿನಲ್ಲಿ ಒಬ್ಬಳೇ ಕೂತಳಂತೆ. ಅವತ್ತಿನಿಂದ ಅಲ್ಲೇ. ಇಬ್ಬರಿಗೂ ಮಾತಿಲ್ಲ. ಇದನ್ನು ಹೇಳುವಾಗ ಅತ್ತಳು. (ಒಂದು ಸಾಲಾಯಿತು.) ಕೊನೆಗೆ ಅಂದಳು, ತುರುವೇಕೆರೆಯ ಪಾರ್ಲರಿಗೆ ಹೋಗಿ ಕತ್ತಿನವರೆಗೆ ಕೂದಲು ಕತ್ತರಿಸಿಕೊಂಡು ಬರುತ್ತೇನೆ, ಇನ್ನು ಮೇಲೆ ಈ ಮನೆಯ ಎಣ್ಣೆ ನನ್ನ ತಲೆಗೆ ಸೋಕಬಾರದು.

ನನಗೆ ಕೋಪ ಬಂತು. "ತೆಂಗಿನ ಸೀಮೇಲಿ ಹುಟ್ಟಿ ಕೊಬ್ಬರಿ ಎಣ್ಣೆಗೆ ಮೂಗು ಮುರೀತಾರಾ? ಆ ಹುಡುಗಿ ಮನೆ ಸಾರಿಗೆ ಏನು ಹಾಕ್ತಾರಂತೆ, ಸೀಮೆಎಣ್ಣೆಯಾ?" ಅಂತ ಗೊಣಗಿದೆ. ಒಳಗೆ ಹೋಗಿ ಎಣ್ಣೆ ಕ್ಯಾನಿನ ಮುಚ್ಚಳ ತೆಗೆದು ಮೂಸಿದೆ. ನಮ್ಮ ಎಣ್ಣೆ, ನಮ್ಮ ವಾಸನೆ. ಕೆಟ್ಟದ್ದೇನೂ ಕಾಣಲಿಲ್ಲ. ಸೊಸೆಗೆ ಮೂಸಿಸಿದೆ.

ಅವಳು ಹೆಚ್ಚು ಮಾತಿನವಳಲ್ಲ. ಹುಳಿಯಾರಿನ ಆಚೆ, ರಾಗಿ ಹೊಲಗಳ ಊರಿನಿಂದ ಬಂದವಳು. ಮೂಸಿ, ಮುಚ್ಚಳ ಹಾಕಿ, "ನಂಗೀಗ ಗೊತ್ತಾಗಲ್ಲ ಅತ್ತೆ" ಅಂದಳು.

"ಈಗ ಅಂದ್ರೆ?"

"ಮದುವೆ ಆಗಿ ಬಂದ ಹೊಸದ್ರಲ್ಲಿ ಗೊತ್ತಾಗ್ತಿತ್ತು. ದಿಂಬಿಗೆ ತಲೆ ಕೊಟ್ರೆ ಹೊಟ್ಟೆ ತೊಳೆಸ್ತಿತ್ತು. ಸೆರಗು ಮಡಚಿ ದಿಂಬಿನ ಮೇಲೆ ಹಾಕ್ಕೊಂಡು ಮಲಗ್ತಿದ್ದೆ. ಒಂದು ತಿಂಗಳು. ಆಮೇಲೆ ಎಲ್ಲಿ ಹೋಯ್ತೋ, ಹೋಯ್ತು."

"ಅಯ್ಯೋ, ಹೇಳೋದಲ್ವೇನೇ?"

"ಚೆನ್ನಾಗ್ ಹೇಳ್ತೀರಿ. ಹೊಸ ಸೊಸೆ ಬಂದು ನಿಮ್ಮನೆ ನಾರ್ತೈತೆ ಅಂದ್ರೆ ನೀವು ಆರತಿ ಎತ್ತಿ ಒಳಕ್ಕೆ ಕರ್ಕೊತಿದ್ರಾ?"

ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಪರೀಕ್ಷೆ ಮುಗಿಯುವ ತನಕ ಕೂದಲಿಗೆ ಕತ್ತರಿ ಬೇಡ ಅಂತ ಅವಳು ಮಗಳನ್ನು ಒಪ್ಪಿಸಿದಳು. ನಾನು ಆ ಮಾತನ್ನು ಅಲ್ಲಿಗೇ ಬಿಟ್ಟೆ, ಮನಸ್ಸು ಬಿಡಲಿಲ್ಲ.

ಅಷ್ಟರಲ್ಲಿ ಚಳ್ಳಕೆರೆಯಲ್ಲಿ ನನ್ನ ಮಗಳ, ಅಂದರೆ ನಿಮ್ಮ ಅತ್ತೆಯ, ಮನೆಯ ಗೃಹಪ್ರವೇಶ. ಹೋದವಳು ಎರಡು ವಾರದ ಹತ್ತಿರ ಅಲ್ಲೇ ಉಳಿದೆ. ಅಲ್ಲಿ ನೆಲ, ಗಾಳಿ, ಅಡಿಗೆ ಎಲ್ಲ ಕಡಲೆಕಾಯಿಯದು. ಹೊಸ ಮನೆಯಲ್ಲಿ ಸುಣ್ಣ ಬಣ್ಣದ ವಾಸನೆ. ತಲೆಗೆ ಹಚ್ಚಲು ಅಂಗಡಿಯ ಬಾಟಲಿ, ಅದರಲ್ಲಿ ಮಲ್ಲಿಗೆ ಸೇರಿಸಿರುತ್ತಾರೆ. ನಮ್ಮ ಮನೆಯದು ಏನೂ ನನ್ನ ಜೊತೆ ಬಂದಿರಲಿಲ್ಲ, ಒಂದು ಬ್ಯಾಗು ಬಟ್ಟೆ ಬಿಟ್ಟರೆ. ಅದನ್ನೂ ಮಗಳು ಮೊದಲ ದಿನವೇ ಒಗೆಸಿ ಹಾಕಿದ್ದಳು.

ವಾಪಸು ಬಂದು ಬಸ್ಸಿಳಿದು ಮನೆಗೆ ನಡೆದೆ. ಚಪ್ಪಲಿ ಬಿಟ್ಟು ಹೊಸ್ತಿಲಲ್ಲಿ ಕಾಲಿಟ್ಟೆ. ಅಲ್ಲೇ ನಿಂತೆ.

ಮದುವೆಯಾಗಿ ಬಂದ ಮೇಲೆ ಆ ಮನೆಯ ವಾಸನೆ ನನಗೆ ತಿಳಿದದ್ದು ಅವತ್ತೇ ಮೊದಲು. ಮೊದಲು ಹೊಗೆ ಬಂತು, ಆಮೇಲೆ ಒಣ ಸಿಪ್ಪೆ, ಬೆಲ್ಲ, ಕೊಟ್ಟಿಗೆ. ಅವೆಲ್ಲ ಚೆನ್ನಾಗಿಯೇ ಇದ್ದವು, ನೆಂಟರು ಒಬ್ಬೊಬ್ಬರಾಗಿ ಬಂದು ಮಾತಾಡಿಸಿದ ಹಾಗೆ. ಎಲ್ಲಕ್ಕೂ ಕೆಳಗೆ ಇನ್ನೊಂದಿತ್ತು. ಹಳೇ ಎಣ್ಣೆಯದು, ಗಂಟಲಿಗೆ ಅಂಟಿಕೊಳ್ಳುವಂಥದ್ದು. ಕಮಟು. ನಮ್ಮ ಕಡೆ ಕೌಟು ಅನ್ನುತ್ತೇವೆ. ಕೆಟ್ಟ ಕೊಬ್ಬರಿಯನ್ನು ಒಂದು ಚೂರು ಕಚ್ಚಿದರೆ ಉಗುಳುತ್ತೇವಲ್ಲ, ಅದೇ.

ಈ ಮೂಗು ಸಂಜೆಯವರೆಗೂ ಉಳಿಯುವುದಿಲ್ಲ ಅಂತ ತಟ್ಟನೆ ಹೊಳೆಯಿತು. ಸೊಸೆಗೆ ಒಂದು ತಿಂಗಳು ಹಿಡಿದಿತ್ತು, ನನ್ನದು ಹಳೇ ಮೂಗು, ಒಂದು ಗಂಟೆಯಲ್ಲಿ ಒಗ್ಗಿಬಿಡುತ್ತದೆ.

"ಬಾರೇ, ಬೇಗ ಬಾ, ಮೂಗು ಹೋಗೋಕೆ ಮುಂಚೆ!" ಅಂತ ಕೂಗಿದೆ.

ಸೊಸೆ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ಮೂಗಿಗೇನಾಯ್ತು ಅತ್ತೆ? ಬಸ್ಸಲ್ಲಿ ಬಿದ್ರಾ?"

ಬ್ಯಾಗು ಇನ್ನೂ ಹೆಗಲಲ್ಲೇ ಇತ್ತು. ನಾನು ಕೋಣೆಯಿಂದ ಕೋಣೆಗೆ ಮೂಸುತ್ತಾ ಹೋದೆ, ಅವಳು ಹಿಂದೆ ಹಿಂದೆ. ದಿಂಬುಗಳು, ಕೌಟು. ಬಾಚಣಿಗೆ, ಕೌಟು. ಗೂಟಕ್ಕೆ ನೇತು ಹಾಕಿದ್ದ ದೊಡ್ಡವಳ ಸ್ವೆಟರಿನ ಕತ್ತಿನ ಪಟ್ಟಿ, ಶಾಂಪೂ ಹಾಕಿಕೊಂಡು ಅಷ್ಟು ದಿನವಾದರೂ ಕೌಟು. ಕೊನೆಗೆ ಕೋಣೆಯ ಮೂಲೆಯ ಆ ಎಣ್ಣೆ ಕ್ಯಾನು. ಮುಚ್ಚಳ ತೆಗೆದವಳು ಮುಖ ತಿರುಗಿಸಿಕೊಂಡೆ. ನನ್ನ ಕೈಯಾರೆ ದಿನಾ ಬೆಳಿಗ್ಗೆ ಆ ಮಗುವಿನ ನೆತ್ತಿಗೆ ಒತ್ತುತ್ತಿದ್ದದ್ದು.

ಸಂಜೆ ದೊಡ್ಡವಳು ಬಂದಾಗ ಹೇಳಿದೆ: "ಆ ಹುಡುಗಿ ಸ್ವಲ್ಪ ಅಂದಿದ್ದು ದೊಡ್ಡ ಮನಸ್ಸು ಮಾಡಿ ಕಣೇ. ಸ್ವಲ್ಪ ಅಲ್ಲ, ಬೇಕಾದಷ್ಟಿತ್ತು ಕೌಟು."

ಅವಳು ಬ್ಯಾಗು ಎತ್ತಿಕೊಂಡು ಒಳಗೆ ಹೋದಳು. ಆದರೆ ರಾತ್ರಿ ಊಟಕ್ಕೆ ಕೂತಾಗ, "ಕೌಟಿಗೂ ಪದ ಇದೆ ಅಜ್ಜಿ, ನೀನು ಊರಿಗೆ ಹೋಗಿದ್ದಾಗ ಮಿಸ್ಸನ್ನ ಕೇಳಿದ್ದೆ. ರ‍್ಯಾನ್ಸಿಡ್. ಪಾಠದಲ್ಲಿರಲಿಲ್ಲ" ಅಂದಳು. ಆ ಆರು ಪದಕ್ಕೂ ಹೊಂದದ ವಾಸನೆಗೆ ಏಳನೆಯದು ಎಲ್ಲೋ ಇತ್ತು.

ಎಣ್ಣೆ ಕೆಟ್ಟದ್ದು ಹೇಗೆ ಅನ್ನುವುದು ಯೋಚಿಸಿದರೆ ಏನೂ ಗುಟ್ಟಲ್ಲ. ನಮ್ಮ ಸೀಮೆಯ ಎಲ್ಲ ಮನೆಯಲ್ಲೂ ಅದೇ ಪದ್ಧತಿ. ಕಾಯಿ ಸುಲಿದು, ಚಿಪ್ಪು ಒಡೆದಾಗ ಇಡಿಯಾಗಿ ಬರುವ ಉಂಡೆ ಕೊಬ್ಬರಿ ಒಂದು ಕಡೆ, ಅದು ತಿಪಟೂರಿನ ಮಾರುಕಟ್ಟೆಗೆ, ಅಲ್ಲಿ ಟೆಂಡರಿನಲ್ಲಿ ಹೆಚ್ಚು ಕೂಗಿದವರಿಗೆ. ಒಡೆದದ್ದು, ಒಳಗೆ ಕಪ್ಪಾದದ್ದು, ಹುಳ ಮುಟ್ಟಿದ್ದು ಇನ್ನೊಂದು ಕಡೆ, ಅದು ಮನೆಯ ಎಣ್ಣೆಗೆ. ನಮ್ಮತ್ತೆ ಹಾಗೆ ಮಾಡಿದರು, ನಿಮ್ಮ ತಾತ ಹಾಗೆ ಮಾಡಿದರು. ಒಳ್ಳೆಯದನ್ನು ನಾವೇ ಇಟ್ಟುಕೊಳ್ಳುವುದು ಅಂದರೆ ಏನೋ ತಪ್ಪು ಮಾಡಿದ ಹಾಗೆ. ಅತ್ತೆಯ ಕಾಲದಲ್ಲಿ ಪಕ್ಕದ ಊರಿನಲ್ಲಿ ಎತ್ತಿನ ಗಾಣವಿತ್ತು, ಬೇಕಾದಾಗ ಒಂದು ಬುಟ್ಟಿ ಕೊಟ್ಟು ಒಂದು ತಂಬಿಗೆ ಎಣ್ಣೆ ತರುತ್ತಿದ್ದರು, ಕೆಡುವುದಕ್ಕೆ ಸಮಯವೇ ಇರುತ್ತಿರಲಿಲ್ಲ. ಈಗಿನ ಮಿಲ್ಲಿನಲ್ಲಿ ಒಂದು ಬುಟ್ಟಿಗೆಲ್ಲ ಮಿಷನ್ನು ಹಾಕುವುದಿಲ್ಲ. ವರ್ಷಕ್ಕೊಮ್ಮೆ ಮೂಟೆಗಟ್ಟಲೆ ಆಡಿಸಿ ಪ್ಲಾಸ್ಟಿಕ್ ಕ್ಯಾನಿಗೆ ತುಂಬಿಸುತ್ತೇವೆ. ಮೊದಲೇ ಕೆಟ್ಟ ಕೊಬ್ಬರಿ, ಮೇಲೆ ವರ್ಷದ ಎಣ್ಣೆ.

ಮುಂದಿನ ತಿಂಗಳೇ ಅಟ್ಟದ ಕಾಯಿ ಇಳಿಸಿದರು. ಅಂಗಳದಲ್ಲಿ ಹೆಂಗಸರು ಸಾಲಾಗಿ ಕೂತು ಚಿಪ್ಪು ಒಡೆಯುತ್ತಿದ್ದರು. ನನ್ನ ಮಗ ಉಂಡೆಗಳನ್ನು ತಿರುಗಿಸಿ ನೋಡಿ ಚೀಲಕ್ಕೆ ಹಾಕುತ್ತಿದ್ದ. ನಾನು ಬುಟ್ಟಿ ತೆಗೆದುಕೊಂಡು ಹೋಗಿ ಅವನ ಮುಂದಿದ್ದ ಒಳ್ಳೆಯ ರಾಶಿಯಿಂದಲೇ ಆರಿಸತೊಡಗಿದೆ.

"ಅವ್ವ, ಅದು ಮಾರ್ಕೆಟ್ಟಿಂದು. ಮನೇದು ಆ ಕಡೆ ಐತೆ ನೋಡು."

"ನೋಡ್ದೆ ಕಣ್ಲಾ. ಮನೇದೂ ಈ ಕಡೇನೇ ಇವತ್ತಿಂದ."

"ತಲೆಗೆ ಹಚ್ಚೋ ಎಣ್ಣೆಗೆ ಇಂಥ ಉಂಡೆ ಹಾಕ್ತಾರಾ ಯಾರಾದ್ರೂ?"

ಹೆಂಗಸರ ಕೈ ನಿಂತಿತ್ತು. ಅಷ್ಟು ಜನ ನನ್ನನ್ನೇ ನೋಡುತ್ತಿದ್ದರೆ ನನಗೆ ಮಾತು ಹೊರಡುವುದಿಲ್ಲ ಅಂತ ನಿಮಗೆ ಗೊತ್ತು. ಅವತ್ತೂ ಹೊರಡಲಿಲ್ಲ. ಬುಟ್ಟಿ ತುಂಬಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ. ಕೊನೆಗೆ ಅವರಲ್ಲಿ ಹಿರಿಯವಳೊಬ್ಬಳು ನನ್ನ ಪರವಾಗಿ ಬಾಯಿ ಹಾಕಿದಳು. "ಬುಡಪ್ಪ, ಇವತ್ತು ಟೆಂಡರ್ ಇಲ್ಲೇ ಆಗೋಯ್ತು. ನಿನ್ ಮಗಳ ಜಡೇನೇ ಸವಾಲು ಕೂಗಿ ಗೆದ್ದುಬುಡ್ತು. ಇನ್ನೇನ್ ನೋಡ್ತೀಯ, ಚೀಲ ಹೊಲಿ!"

ಎಲ್ಲರೂ ನಕ್ಕರು, ಅವನೂ ನಕ್ಕ. ನಗುತ್ತಲೇ ಇನ್ನೆರಡು ಉಂಡೆ ತೆಗೆದು ಬುಟ್ಟಿಗೆ ಹಾಕಿದ.

ಬಿಸಿಲಿನಲ್ಲಿ ಒಣಗಿಸಿ, ಚೂರು ಮಾಡಿ, ಮಿಲ್ಲಿನವನನ್ನು ಮಗನೇ ಹೇಗೋ ಒಪ್ಪಿಸಿ ಸ್ವಲ್ಪವೇ ಆಡಿಸಿಕೊಂಡು ಬಂದ. ದಿಂಬಿನ ಚೀಲಗಳನ್ನು ಸೀಗೆಪುಡಿ ಹಾಕಿ ಕುದಿಸಿದೆವು. ಬಾಚಣಿಗೆಗಳನ್ನು ಎಸೆದೆವು. ಹಳೇ ಎಣ್ಣೆಯನ್ನು ಗಾಡಿಯ ಅಚ್ಚಿಗೆ ಬಿಟ್ಟೆವು. ಗಾಜಿನ ಶೀಸೆಯಲ್ಲಿ ಹೊಸ ಎಣ್ಣೆ ತಿಳಿನೀರಿನಂತಿತ್ತು. ದೊಡ್ಡವಳನ್ನು ಕರೆದೆ.

ಅವಳು ಬರಲಿಲ್ಲ. ದೂರ ನಿಂತು, "ಇದು ಚೆನ್ನಾಗಿದೆ ಅಂತ ನಿಂಗೆ ಹೆಂಗೆ ಗೊತ್ತು ಅಜ್ಜಿ?" ಅಂದಳು.

"ಮೂಸಿ ನೋಡಿದೀನಿ."

"ಆಗಲೂ ನೀನು ಮೂಸಿ ನೋಡಿದ್ದೆ."

ಅವಳು ಕೋಪದಲ್ಲಿ ಹೇಳಿದ್ದಲ್ಲ. ಇದ್ದದ್ದನ್ನೇ ಹೇಳಿದಳು. ನನ್ನ ಮೂಗು ಅಷ್ಟರಲ್ಲಿ ಮತ್ತೆ ಮನೆಗೆ ಒಗ್ಗಿಹೋಗಿತ್ತು. ಸೊಸೆಯದೂ ಅಷ್ಟೇ, ಮಗನದೂ ಅಷ್ಟೇ.

"ಹಂಗಾದ್ರೆ ಹೊರಗಿನೋರ ಮೂಗು ಬೇಕು" ಅಂದೆ.

ಯಾರದ್ದು ಅಂತ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವಳ ಮುಖ ಸಣ್ಣದಾಯಿತು. "ಅವಳು ಬರಲ್ಲ. ನಾನೇ ಮಾತು ಬಿಟ್ಟಿದ್ದು" ಅಂತ ಒಳಗೆ ಹೋದಳು.

ಮಾರನೆಯ ದಿನ ಅವಳು ಶಾಲೆಗೆ ಹೋದ ಮೇಲೆ ಸೊಸೆಗೆ ಹೇಳಿ ಆ ಹುಡುಗಿಯ ಮನೆಗೆ ಫೋನು ಹಚ್ಚಿಸಿದೆ. ಕಂಡರಿಯದವರ ಜೊತೆ ಫೋನಿನಲ್ಲಿ ನಾನಾಗಿ ಮಾತಾಡಿದ್ದು ಅದೇ ಮೊದಲು. ಏನು ಹೇಳಬೇಕು ಅಂತ ಬೆಳಗಿನಿಂದ ಜೋಡಿಸಿಕೊಂಡಿದ್ದೆ, ಹಲೋ ಅಂದ ಕೂಡಲೇ ಎಲ್ಲ ಮರೆಯಿತು. "ನಮ್ಮ ಹುಡುಗಿ ನಿಮ್ಮ ಹುಡುಗಿ ಜೊತೆ ಮಾತು ಬಿಟ್ಟವ್ಳೆ, ತಪ್ಪು ನಮ್ಮ ಎಣ್ಣೇದು" ಅಂತ ಹೇಳಿಬಿಟ್ಟೆ. ಆ ಕಡೆಯಿಂದ ಹುಡುಗಿಯ ತಾಯಿ ನಗುತ್ತಾ, "ಎಣ್ಣೇದೋ ಏನೋ ಕಣ್ರಮ್ಮ, ನಮ್ಮೋಳೂ ಮನೇಲಿ ಸಿಡಿಮಿಡಿ ಅಂತ ಕೂತವ್ಳೆ. ಭಾನುವಾರ ಅವರಪ್ಪನ ಜೊತೆ ಕಳಿಸ್ತೀನಿ ಬುಡಿ" ಅಂದರು.

ಭಾನುವಾರ ಸ್ಕೂಟರಿನಲ್ಲಿ ಬಂದಿಳಿದದ್ದು ಕನ್ನಡಕ ಹಾಕಿದ ಸಣಕಲು ಹುಡುಗಿ. ಅವರಪ್ಪ ತೋಟ ನೋಡಲು ಮಗನ ಜೊತೆ ಹೋದರು. ನಾನು ಅಡಿಗೆಮನೆಗೆ ಸೇರಿಕೊಂಡೆ. ಜಗಲಿಯ ಮಾತು ಅಲ್ಲಿಗೆ ಚೆನ್ನಾಗಿ ಕೇಳಿಸುತ್ತದೆ.

ಮೊದಲು ಚಪ್ಪಲಿ ಬಿಟ್ಟ ಸದ್ದು. ಆಮೇಲೆ ಶೀಸೆಯ ಮುಚ್ಚಳ ತಿರುಗಿಸಿದ ಸದ್ದು.

"ಇದನ್ನ ಮೂಸ್ಬೇಕು ನೀನು. ಸುಳ್ಳು ಹೇಳಂಗಿಲ್ಲ" ಅಂದಳು ನಮ್ಮವಳು.

"ನಾನು ಯಾವತ್ತು ಸುಳ್ಳು ಹೇಳ್ದೆ? ಸುಳ್ಳು ಹೇಳಿದ್ರೆ ನೀನಿನ್ನೂ ನನ್ನ ಪಕ್ಕದಲ್ಲೇ ಕೂತಿರ್ತಿದ್ದೆ."

ಒಲೆಯ ಮೇಲಿದ್ದ ಕಾಫಿ ಉಕ್ಕುತ್ತಿತ್ತು, ಸೊಸೆ ಸದ್ದಾಗದ ಹಾಗೆ ಇಳಿಸಿದಳು.

"ಓಡರ್ ಅಲ್ಲ" ಅಂದಳು ಆ ಹುಡುಗಿ.

"ಮತ್ತೆ?"

"ಇರೇ, ಅವಸರ ಮಾಡ್ಬೇಡ. ಫ್ರೇಗ್ರೆನ್ಸೂ ಅಲ್ಲ. ಹೂವಿನ ಥರ ಇಲ್ವೇ ಇಲ್ಲ. ಇದನ್ನ ಮೂಸಿದ್ರೆ ಹಸಿವಾಗುತ್ತೆ, ಕೊಬ್ಬರಿ ಮಿಠಾಯಿ ಥರ. ಅರೋಮಾ ಇದು."

"ತಲೆಗೆ ಅರೋಮಾ ಹಚ್ಕೊಂಡು ಬಂದ್ರೆ ಕ್ಲಾಸಲ್ಲಿ ಎಲ್ರೂ ಡಬ್ಬಿ ತೆಗೀತಾರೆ ಅಷ್ಟೇ."

ಆ ಹುಡುಗಿ ನಕ್ಕಳು. ನಮ್ಮವಳು ನಗಲಿಲ್ಲ. "ಅಷ್ಟು ದಿನ ನನ್ನ ತಲೆ ವಾಸನೆ ಬರ್ತಿತ್ತಲ್ಲ, ನೀನ್ಯಾಕೆ ಹೇಳ್ಲಿಲ್ಲ?" ಅಂತ ಕೇಳಿದಳು.

"ನೀನು ಕೇಳಿರ್ಲಿಲ್ಲ. ಕೇಳ್ದಾಗ ಹೇಳ್ದೆ."

"ಮತ್ತೆ ಎದ್ದು ಬೇರೆ ಕಡೆ ಯಾಕೆ ಕೂತ್ಕೊಳ್ಲಿಲ್ಲ?"

"ಯಾಕೆ ಕೂತ್ಕೊಬೇಕು? ಅದು ನಿನ್ನ ವಾಸನೆ ಅಂದ್ಕೊಂಡಿದ್ದೆ. ನಾನು ಬಗ್ಗಿ ಬರೀತಾ ಇದ್ರೂ ನೀನು ಬಂದೆ ಅಂತ ಗೊತ್ತಾಗ್ತಿತ್ತು. ಎದ್ದು ಹೋಗಿದ್ದು ನಾನಲ್ಲ ಕಣೇ, ನೀನು. ಬ್ಯಾಗ್ ತಗೊಂಡು ಹೋದೆ, ತಿರುಗಿ ಕೂಡ ನೋಡ್ಲಿಲ್ಲ. ನನ್ನ ಜಾಮಿಟ್ರಿ ಬಾಕ್ಸೂ ತಗೊಂಡು ಹೋದೆ."

"ನಿಂದು ನನ್ನ ಹತ್ರ ಇದೆಯಾ?"

"ಒಂದು ತಿಂಗಳಿಂದ ಅಪ್ಪನ ಅಂಗಡೀಲಿ ಹೊಸದು ಕೇಳಿ ಬೈಸ್ಕೋತಿದೀನಿ!"

ನಮ್ಮವಳು ಒಳಗೆ ಓಡಿ ಬಂದು ಬ್ಯಾಗು ತಡಕಿದಳು. ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದ ನನ್ನನ್ನೂ ಅವಳಮ್ಮನನ್ನೂ ನೋಡಿ, "ಕೇಳಿಸ್ಕೊಂಡ್ರಾ?" ಅಂತ ಕಣ್ಣು ಬಿಟ್ಟಳು. ಸೊಸೆ ಏನೂ ಗೊತ್ತಿಲ್ಲದ ಹಾಗೆ ಖಾರಪುರಿಯ ತಟ್ಟೆ ಎತ್ತಿಕೊಂಡಳು.

ಸೋಮವಾರ ಬೆಳಿಗ್ಗೆ ಅವಳು ಬಂದು ಮೆಟ್ಟಿಲ ಮೇಲೆ ಕೂತಳು. ಸ್ವಲ್ಪವೇ ಹಚ್ಚು ಅಂದಳು, ಸ್ವಲ್ಪವೇ ಹಚ್ಚಿದೆ. ಅವಳ ಭುಜ ಬಿಗಿಯಾಗಿತ್ತು. ವ್ಯಾನು ಹೋದ ಮೇಲೂ ನನಗೆ ಕೆಲಸಕ್ಕೆ ಕೈ ಹತ್ತಲಿಲ್ಲ.

ಸಂಜೆ ಊರ ಗೇಟಿನಿಂದಲೇ ಅವಳ ದನಿ ಕೇಳಿಸಿತು. ಹಳೇ ಬೆಂಚಿಗೆ ಹೋದಳಂತೆ. ಆ ಹುಡುಗಿ ಪಕ್ಕಕ್ಕೆ ಸರಿದು ಜಾಗ ಕೊಟ್ಟು, ಮೊದಲನೇ ಪಿರಿಯಡ್ಡು ಪೂರ್ತಿ ಇವಳ ಜಡೆ ಮೂಸಿದಳಂತೆ. ಶೀಸೆಯಲ್ಲಿ ಅರೋಮಾ ಆಗಿದ್ದದ್ದು ತಲೆಯಲ್ಲಿ ಬೇರೆ ಥರ ಇದೆ, ಇದಕ್ಕೆ ಸೆಂಟ್ ಅನ್ನಬೇಕು ಅಂತ ಅವಳು. ಅಲ್ಲ, ಅರೋಮಾನೇ ಅಂತ ಇವಳು. ಗಣಿತದ ಮೇಷ್ಟ್ರು ಬೋರ್ಡಿನಿಂದ ತಿರುಗಿ ನೋಡಿದಾಗ ಒಬ್ಬಳ ಜಡೆ ಇನ್ನೊಬ್ಬಳ ಮೂಗಿನಲ್ಲಿತ್ತಂತೆ.

"ಇಬ್ರನ್ನೂ ಎದ್ದು ನಿಲ್ಸಿದ್ರು ಅಜ್ಜಿ! ಪಿರಿಯಡ್ ಮುಗಿಯೋ ತಂಕ!"

"ಬೈದ್ರಾ?"

"ಸರ‍್ಯಾಗಿ ಬೈದ್ರು" ಅಂದಳು. ಬ್ಯಾಗು ಜಗಲಿಯ ಮೇಲೆ ಎಸೆದು, ತಿನ್ನಲು ಏನಿದೆ ಅಂತ ಒಳಗೆ ಹೋದಳು.